ಐದು ಗಂಟೆಯ ಸೈರನ್: ಕುಡಿತ ನಮ್ಮ ನರಕೋಶಗಳಿಗೆ ಏನು ಕಲಿಸುತ್ತದೆ

(ಮೀನುಗಾರಿಕೆ ರಜೆಯ ದಿನಗಳಲ್ಲಿ, ಮಲ್ಪೆಯ ಸಭಾಭವನವೊಂದರಲ್ಲಿ ಮನೋವೈದ್ಯರೊಬ್ಬರು ಮೀನುಗಾರ ಕುಟುಂಬಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಕಳೆದ ವಾರ ನನ್ನ ಹತ್ತಿರ ಒಬ್ಬರು ಅಕ್ಕ ಬಂದಿದ್ದರು. ಮೀನು ಮಾರುವವರು. ಅವರು ಕೇಳಿದ್ದು ಹೀಗೆ: “ಡಾಕ್ಟ್ರೇ, ನಿಮಗೆ ನಾವು ಬೇಕಾ, ಕುಡಿಯುವುದು ಬೇಕಾ ಅಂತ ಬೆಳಿಗ್ಗೆ ಅವರ ಹತ್ತಿರ ಕೇಳಿದೆ. ನೀವೇ ಬೇಕು ಅಂದರು. ಕಣ್ಣಲ್ಲಿ ನೀರಿತ್ತು. ಸಂಜೆ ಏಳಕ್ಕೆ ಕುಡಿದು ಬಂದರು. ನಾನು ಯಾವುದನ್ನು ನಂಬಬೇಕು? ಕಣ್ಣೀರನ್ನಾ, ಕುಡಿದದ್ದನ್ನಾ?”

ಎರಡನ್ನೂ ನಂಬಿ ಅಂದೆ. ಬೆಳಿಗ್ಗೆ ಅವರು ಹೇಳಿದ್ದು ಸುಳ್ಳಲ್ಲ. ಸಂಜೆ ಕುಡಿದದ್ದು ನಿಮ್ಮ ಮೇಲಿನ ಸಿಟ್ಟಿಗೂ ಅಲ್ಲ. ಆ ಅಕ್ಕನಿಗೆ ನನ್ನ ಉತ್ತರ ಸಾಕಾಗಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತದಲ್ವಾ. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು, ವಿವರಿಸಲು ಸಮಯ ಇರಲಿಲ್ಲ. ಅವತ್ತು ಹೇಳದೆ ಉಳಿದದ್ದನ್ನು ಇವತ್ತು ನಿಮಗೆಲ್ಲ ಹೇಳಬೇಕು ಅಂತ ಬಂದಿದ್ದೇನೆ.

ಮೊದಲು ಲೆಕ್ಕ ಮಾಡೋಣ. ಒಂದು ಕ್ವಾರ್ಟರ್ ಅಂದರೆ 180 ಮಿಲಿ. ನಮ್ಮಲ್ಲಿ ಸಿಗುವ ಬ್ರಾಂಡಿ, ವಿಸ್ಕಿ, ರಮ್‌ನಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ. ತೂಕದಲ್ಲಿ ಹೇಳಿದರೆ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. 30 ಮಿಲಿಯ ಒಂದು ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ. “ನಾನು ಹಾಟ್ ಮುಟ್ಟುವುದಿಲ್ಲ, ಬರೀ ಬಿಯರ್” ಅನ್ನುವ ಹುಡುಗರು ಇಲ್ಲೂ ಇರಬಹುದು. 650 ಮಿಲಿಯ ಸ್ಟ್ರಾಂಗ್ ಬಿಯರ್, ಶೇ. 8ರದ್ದು, ಅದರಲ್ಲಿ 41 ಗ್ರಾಂ ಇದೆ. ಅಂದರೆ ನಾಲ್ಕು ಸ್ಮಾಲ್. ಒಂದು ಬಾಟಲಿ ಬಿಯರ್ ಅಂದುಕೊಂಡು ಕುಡಿದದ್ದು ನಾಲ್ಕು ಪೆಗ್ ಆಯಿತು.

ಲಿವರ್ ಇದನ್ನು ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂನಷ್ಟು ಮಾತ್ರ ಸುಟ್ಟು ಮುಗಿಸುತ್ತದೆ. ರಾತ್ರಿ ಹತ್ತಕ್ಕೆ ಮುಗಿಸಿದ ಕ್ವಾರ್ಟರ್ ಬೆಳಗಿನ ಜಾವ ನಾಲ್ಕು, ಐದರ ತನಕ ರಕ್ತದಲ್ಲಿ ಓಡಾಡುತ್ತಿರುತ್ತದೆ. ಮಜ್ಜಿಗೆ, ಲಿಂಬೆ ಶರಬತ್ತು, ತಣ್ಣೀರು ಸ್ನಾನ, ಯಾವುದರಿಂದಲೂ ಲಿವರ್ ಬೇಗ ಕೆಲಸ ಮಾಡುವುದಿಲ್ಲ.

ಈಗ ಮಿದುಳಿಗೆ ಬರೋಣ. ಮಿದುಳಿಗೆ ಹೋಗುವ ರಕ್ತನಾಳಗಳ ಗೋಡೆ ಬಹಳ ಬಿಗಿ. ಎಷ್ಟೋ ಔಷಧಿಗಳು ಅದನ್ನು ದಾಟಲಾರವು. ಆಲ್ಕೋಹಾಲ್‌ನ ಕಣ ತೀರಾ ಚಿಕ್ಕದು. ನೀರಿನಲ್ಲೂ ಕರಗುತ್ತದೆ, ಕೊಬ್ಬಿನ ಪೊರೆಯನ್ನೂ ನುಸುಳುತ್ತದೆ. ಹಾಗಾಗಿ ಕೆಲವೇ ನಿಮಿಷಗಳಲ್ಲಿ ಒಳಗೆ ಇರುತ್ತದೆ.

ಒಳಗೆ ಏನಿದೆ? ಸುಮಾರು 8,600 ಕೋಟಿ ನರಕೋಶಗಳಿವೆ. ಒಂದಕ್ಕೊಂದು ಅಂಟಿಕೊಂಡಿಲ್ಲ. ಮಧ್ಯೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇದೆ. ಸಮುದ್ರದಲ್ಲಿ ಎರಡು ಬೋಟು ಹತ್ತಿರ ಬಂದಾಗ ಒಂದರಿಂದ ಇನ್ನೊಂದಕ್ಕೆ ಗಂಟು ಎಸೆಯುತ್ತೀರಲ್ವಾ, ಹಾಗೆ. ಬೋಟಿಗೆ ಬೋಟು ಮುಟ್ಟುವುದಿಲ್ಲ, ಸಾಮಾನು ಮಾತ್ರ ಆಚೆ ಹೋಗುತ್ತದೆ. ನರಕೋಶ ಎಸೆಯುವ ಗಂಟು ಅಂದರೆ ರಾಸಾಯನಿಕ. ಹಿಡಿಯುವ ಕೈಗೆ ರಿಸೆಪ್ಟರ್ ಅನ್ನುತ್ತೇವೆ.

ಈ ರಾಸಾಯನಿಕಗಳಲ್ಲಿ ಎರಡು ದೊಡ್ಡ ತಂಡಗಳಿವೆ. ಗ್ಲುಟಮೇಟ್ ನರಕೋಶವನ್ನು ಎಬ್ಬಿಸುತ್ತದೆ. ಗಾಬಾ ಅದನ್ನು ತಣ್ಣಗೆ ಮಾಡುತ್ತದೆ. ಅಷ್ಟಮಿಯ ಹೊತ್ತಿಗೆ ನಮ್ಮೂರಲ್ಲಿ ಹಗ್ಗಜಗ್ಗಾಟ ಆಗುತ್ತದಲ್ವಾ, ಅದನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಕಡೆ ಎಬ್ಬಿಸುವ ತಂಡ, ಇನ್ನೊಂದು ಕಡೆ ತಣಿಸುವ ತಂಡ. ಹಗ್ಗದ ನಡುವಿನ ಬಟ್ಟೆ ಗೆರೆಯ ಆಚೆ ಈಚೆ ಸ್ವಲ್ಪ ಸ್ವಲ್ಪ ಆಡುತ್ತಿರುತ್ತದೆ. ಅದೇ ಆರೋಗ್ಯ.

ಆಲ್ಕೋಹಾಲ್ ಬಂದು ತಣಿಸುವ ತಂಡದ ಜೊತೆ ಸೇರಿ ಎಳೆಯುತ್ತದೆ. ಗಾಬಾದ ಕೆಲಸವನ್ನು ಜೋರು ಮಾಡುತ್ತದೆ. ಅಷ್ಟೇ ಅಲ್ಲ, ಎದುರಿನ ಗ್ಲುಟಮೇಟ್ ತಂಡದ ಕೈಯನ್ನೂ ಸಡಿಲ ಮಾಡುತ್ತದೆ. ಬಟ್ಟೆ ಒಂದೇ ಕಡೆ ಸರಿಯುತ್ತದೆ. ನಾಚಿಕೆ ಕಡಿಮೆ, ಮಾತು ಜಾಸ್ತಿ, ಹೆದರಿಕೆ ಇಲ್ಲ. ಇನ್ನೂ ಸರಿದರೆ ನಾಲಿಗೆ ತೊದಲುತ್ತದೆ, ಕಾಲು ತಪ್ಪುತ್ತದೆ. ಮರುದಿನ “ನಾನು ಹಾಗೆ ಹೇಳಿದೆನಾ?” ಅಂತ ಕೇಳುತ್ತಾರೆ. ಎಷ್ಟೋ ಸಲ ಅದು ನಾಟಕ ಅಲ್ಲ. ನೆನಪನ್ನು ಬರೆದಿಡುವ ಕೋಶಗಳಿಗೆ ಗ್ಲುಟಮೇಟ್ ಬೇಕು. ಅವತ್ತು ರಾತ್ರಿ ಅವು ಬರೆದೇ ಇಲ್ಲ.

ಆದರೆ ಮಿದುಳು ಸುಮ್ನೆ ಕೂರುವ ಅಂಗ ಅಲ್ಲ. ದಿನಾ ಸಂಜೆ ಆ ಕಡೆ ಒಬ್ಬ ಬಲಶಾಲಿ ಬಂದು ಸೇರುತ್ತಾನೆ ಅಂತ ಗೊತ್ತಾದರೆ ಈ ಕಡೆ ಏನು ಮಾಡುತ್ತಾರೆ? ಜನ ಸೇರಿಸುತ್ತಾರೆ. ಎಬ್ಬಿಸುವ ರಿಸೆಪ್ಟರ್‌ಗಳು ಹೆಚ್ಚುತ್ತವೆ. ತಣಿಸುವ ರಿಸೆಪ್ಟರ್‌ಗಳ ಕಸುವು ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ಬಟ್ಟೆ ಮತ್ತೆ ನಡುವಿಗೆ ಬಂದು ನಿಲ್ಲುತ್ತದೆ. “ಅವನು ಕ್ವಾರ್ಟರ್ ಹಾಕಿದರೂ ಅಲ್ಲಾಡುವುದಿಲ್ಲ ಮಾರಾಯ್ರೆ” ಅಂತ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಇದನ್ನು ಕೇಳಿದಾಗ ಹೆದರಿಕೆ ಆಗುತ್ತದೆ. ಹಗ್ಗ ಅಲ್ಲಾಡದೆ ನಿಂತಿದೆ ನಿಜ. ಎರಡೂ ಕಡೆ ಎಷ್ಟು ಜನ ಉಸಿರು ಕಟ್ಟಿ ಎಳೆಯುತ್ತಿದ್ದಾರೆ ಅನ್ನುವುದು ಹೊರಗಿನಿಂದ ಕಾಣುವುದಿಲ್ಲ. ಆ ಬಲಶಾಲಿ ಒಂದು ದಿನ ದಿಢೀರನೆ ಕೈಬಿಟ್ಟರೆ ಏನಾಗುತ್ತದೆ? ಅದಕ್ಕೆ ಆಮೇಲೆ ಬರುತ್ತೇನೆ. ಈ ಊರಿನಲ್ಲಿ ಅದನ್ನು ಹೇಳದೆ ಹೋಗಬಾರದು.

ಇಷ್ಟು ಅಮಲಿನ ವಿಷಯ. ಆಸೆಯ ವಿಷಯ ಬೇರೆ. ಅದಕ್ಕೆ ಮಿದುಳಿನ ಒಳಗೆ ಬೇರೆಯೇ ದಾರಿ ಇದೆ.

1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಅನ್ನುವ ಇಬ್ಬರು ಒಂದು ವಿಷಯ ಬರೆದರು. ಇಲಿಯ ಮಿದುಳಿನ ಆಳದಲ್ಲಿ ತೆಳುವಾದ ತಂತಿ ಇಟ್ಟಿದ್ದರು. ಇಲಿ ಒಂದು ಸನ್ನೆಕೋಲನ್ನು ಒತ್ತಿದರೆ ಆ ತಂತಿಯಲ್ಲಿ ಚೂರೇ ಚೂರು ವಿದ್ಯುತ್ ಹರಿಯುತ್ತಿತ್ತು. ಕೆಲವು ಜಾಗಗಳಲ್ಲಿ ತಂತಿ ಇದ್ದ ಇಲಿಗಳು ಮತ್ತೆ ಮತ್ತೆ ಒತ್ತಿದವು. ಯಾರೂ ಕಾಳು ಹಾಕಲಿಲ್ಲ, ನೀರು ಕೊಡಲಿಲ್ಲ. ಆದರೂ ಗಂಟೆಗೆ ನೂರಾರು ಸಲ ಒತ್ತಿದವು. ಮಿದುಳಿನಲ್ಲಿ “ಇನ್ನೊಮ್ಮೆ” ಅನ್ನಿಸುವುದಕ್ಕೇ ಒಂದು ಜಾಗ ಇದೆ ಅಂತ ಆಗ ಗೊತ್ತಾಯಿತು.

ಆ ದಾರಿಯ ಒಂದು ತುದಿ ಮಿದುಳಿನ ಬುಡದ ಹತ್ತಿರ ಇದೆ, ಹೆಸರು ವೆಂಟ್ರಲ್ ಟೆಗ್ಮೆಂಟಲ್ ಏರಿಯಾ. ಇನ್ನೊಂದು ತುದಿ ಸ್ವಲ್ಪ ಮುಂದೆ, ನ್ಯೂಕ್ಲಿಯಸ್ ಅಕಂಬೆನ್ಸ್. ಹೆಸರು ಮರೆತರೂ ಅಡ್ಡಿಯಿಲ್ಲ. ಬುಡದ ಕೋಶಗಳು ಮುಂದಿನ ಕೋಶಗಳಿಗೆ ಎಸೆಯುವ ಗಂಟಿನ ಹೆಸರು ಮಾತ್ರ ನೆನಪಿಡಿ, ಡೋಪಮೈನ್. ಇದು ಮಿದುಳಿನಲ್ಲಿ ಸಂದೇಶ ಸಾಗಿಸುತ್ತದೆ ಅಂತ 1950ರ ದಶಕದ ಕೊನೆಯಲ್ಲಿ ತೋರಿಸಿದವರು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್. ಅದಕ್ಕೆ ಅವರಿಗೆ 2000ದಲ್ಲಿ ನೊಬೆಲ್ ಬಂತು. 8,600 ಕೋಟಿ ಕೋಶಗಳಲ್ಲಿ ಡೋಪಮೈನ್ ಎಸೆಯುವವು ಬರೀ ಕೆಲವು ಲಕ್ಷ. ಇಡೀ ಬದುಕಿನ ಉತ್ಸಾಹ ಅಷ್ಟು ಕಡಿಮೆ ಕೋಶಗಳ ಮೇಲೆ ನಿಂತಿದೆ.

ಈ ಕೋಶಗಳನ್ನು ಹಿಡಿದು ಕೂರಿಸುವ ಕಾವಲಿನವರೂ ಪಕ್ಕದಲ್ಲೇ ಇದ್ದಾರೆ. ಅವರು ಗಾಬಾ ಎಸೆಯುವ ಕೋಶಗಳು. ಆಲ್ಕೋಹಾಲ್ ಬಂದಾಗ ಮಿದುಳಿನಲ್ಲಿ ಎಂಡಾರ್ಫಿನ್ ಬಿಡುಗಡೆಯಾಗುತ್ತದೆ. ಅದು ನಮ್ಮ ದೇಹವೇ ಮಾಡಿಕೊಳ್ಳುವ, ಅಫೀಮಿನಂಥ ವಸ್ತು. ಅದು ಈ ಕಾವಲಿನವರನ್ನು ಮಂಪರು ಮಾಡುತ್ತದೆ. ಕಾವಲು ತೂಕಡಿಸಿದರೆ ಡೋಪಮೈನ್ ಕೋಶಗಳಿಗೆ ಹಿಡಿತ ಇಲ್ಲ. ಜೊತೆಗೆ ಆಲ್ಕೋಹಾಲ್ ಆ ಕೋಶಗಳನ್ನು ನೇರವಾಗಿಯೂ ಕೆಣಕುತ್ತದೆ. ಹಸಿದಾಗ ಬಂಗುಡೆ ಗಸಿಯ ವಾಸನೆ ಬಂದರೂ ಡೋಪಮೈನ್ ಏಳುತ್ತದೆ. ಆದರೆ ಗಸಿ ಊಟ ಮಾಡಿ ಹೊಟ್ಟೆ ತುಂಬಿದರೆ ಅದು ಇಳಿಯುತ್ತದೆ, ಸಾಕು ಅನ್ನಿಸುತ್ತದೆ. ಆಲ್ಕೋಹಾಲ್‌ಗೆ ಆ ರೀತಿ ಹೊಟ್ಟೆ ತುಂಬುವುದು ಇಲ್ಲ. ಪ್ರತಿ ಸಲವೂ ಅದು ಏಳಿಸುತ್ತದೆ.

ಇನ್ನು ಹೇಳುವುದು ನನಗೆ ಬಹಳ ಮುಖ್ಯವಾದದ್ದು. ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಡೋಪಮೈನ್ ಅಂದರೆ ಸುಖ ಅಂತ ಬಹಳ ಜನ ಬರೆಯುತ್ತಾರೆ. ಅದು ಅಷ್ಟು ಸರಿಯಲ್ಲ. ವೋಲ್ಫ್ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಕೋತಿಗಳ ಡೋಪಮೈನ್ ಕೋಶಗಳನ್ನು ಒಂದೊಂದಾಗಿ ಆಲಿಸಿದರು. ಕೋತಿಯ ಬಾಯಿಗೆ ಹಣ್ಣಿನ ರಸದ ಹನಿ ಬಿದ್ದಾಗ ಕೋಶ ಜೋರಾಗಿ ಮಿಡಿಯಿತು. ಆಮೇಲೆ ರಸಕ್ಕಿಂತ ಮೊದಲು ಪ್ರತಿ ಸಲ ಒಂದು ಸೂಚನೆ ಕೊಟ್ಟರು. ಕೆಲವು ದಿನ ಕಳೆದ ಮೇಲೆ ಕೋಶ ರಸ ಬಂದಾಗ ಮಿಡಿಯುವುದನ್ನೇ ಬಿಟ್ಟಿತು. ಸೂಚನೆ ಕಂಡ ಕೂಡಲೇ ಮಿಡಿಯತೊಡಗಿತು. ಸೂಚನೆ ಬಂದು ರಸ ಬಾರದಿದ್ದರೆ? ಬರಬೇಕಿದ್ದ ಆ ಹೊತ್ತಿಗೆ ಸರಿಯಾಗಿ ಕೋಶ ಮೌನವಾಯಿತು. ಮಾಮೂಲಿ ಮಿಡಿತಕ್ಕಿಂತಲೂ ಕೆಳಗೆ ಇಳಿಯಿತು.

ನೀವು ಇದನ್ನು ಬಲ್ಲಿರಿ. ಚಿಕ್ಕವರಿದ್ದಾಗ ಗದ್ದೆಯ ಆಚೆಯಿಂದ ಚೆಂಡೆ ಕೇಳಿಸಿದರೆ ಎದೆ ಹೇಗೆ ಏಳುತ್ತಿತ್ತು? ವೇಷ ಇನ್ನೂ ರಂಗಕ್ಕೆ ಬಂದಿಲ್ಲ. ಬಣ್ಣ ಹಚ್ಚುತ್ತಾ ಕೂತಿದ್ದಾರೆ. ಆದರೂ ಕಾಲು ಆಗಲೇ ಹೊರಟಿತ್ತು. ಅಮ್ಮ ಆಟಕ್ಕೆ ಹೋಗಬಾರದು ಅಂದರೆ ಬರೀ ಬೇಸರ ಅಲ್ಲ, ಹೊಟ್ಟೆಯೊಳಗೆ ಏನೋ ಕುಸಿದ ಹಾಗೆ ಆಗುತ್ತಿತ್ತು. ಆ ಏಳುವುದು, ಆ ಕುಸಿಯುವುದು, ಎರಡರಲ್ಲೂ ಡೋಪಮೈನ್‌ನ ಕೈ ಇದೆ. ಅದು ಮಿದುಳಿಗೆ ಕಲಿಸುತ್ತದೆ. ಇದು ಕಂಡರೆ ಅದು ಬರುತ್ತದೆ, ಹೊರಡು ಅಂತ.

ನನ್ನ ಸೋದರಮಾವನ ವಿಷಯ ಹೇಳುತ್ತೇನೆ. ಅವರು ಈಗ ಇಲ್ಲ. ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಸಂಜೆ ಐದಕ್ಕೆ ಸೈರನ್ ಆಗುತ್ತಿತ್ತು. ಕಾರ್ಖಾನೆ ಮತ್ತು ಮನೆಯ ನಡುವೆ ಒಂದು ಗಡಂಗು, ಅಂದರೆ ಹೆಂಡದಂಗಡಿ. ಸೈರನ್, ಗಡಂಗು, ಮನೆ. ಹದಿನೈದು ವರ್ಷ ಅದೇ ದಾರಿ. ಒಂದು ವರ್ಷ ಅಜ್ಜಿ ಅವರನ್ನು ದೈವದ ಚಾವಡಿಗೆ ಕರೆದುಕೊಂಡು ಹೋಗಿ ಆಣೆ ಮಾಡಿಸಿದರು. ಮಾವ ಅಳುತ್ತಾ ಆಣೆ ಮಾಡಿದರು. ಒಂದು ತಿಂಗಳು ರಜೆ ಹಾಕಿ ನಮ್ಮ ಮನೆಯಲ್ಲೇ ಇದ್ದರು. ನನಗೆ ಆಗ ಹತ್ತು ವರ್ಷ. ಮಾವ ನನ್ನ ಜೊತೆ ಅಂಗಳದಲ್ಲಿ ಕೂತು ತೆಂಗಿನ ಗರಿ ಸೀಳಿ ಹಿಡಿಸೂಡಿಗೆ ಕಡ್ಡಿ ತೆಗೆಯುತ್ತಿದ್ದರು. ಹೊಳೆಯ ಆಚೆಯಿಂದ ಸೈರನ್ ಕೇಳುತ್ತಿತ್ತು. ಕೇಳಿದ ಕೂಡಲೇ ಅವರ ಕೈಯ ಕತ್ತಿ ನಿಲ್ಲುತ್ತಿತ್ತು. ಎಂಜಲು ನುಂಗುವುದು ನನಗೆ ಕಾಣುತ್ತಿತ್ತು. ಎದ್ದು ನಿಂತು, ಎಲ್ಲಿಗೆ ಅಂತ ಗೊತ್ತಿಲ್ಲದವರ ಹಾಗೆ ಬಾವಿಕಟ್ಟೆಯ ತನಕ ಹೋಗಿ ವಾಪಸ್ ಬರುತ್ತಿದ್ದರು. ದಿನಾ. ಇಪ್ಪತ್ತೇಳನೇ ದಿನ ಬಾವಿಕಟ್ಟೆಯಿಂದ ವಾಪಸ್ ಬರಲಿಲ್ಲ.

“ದೈವಕ್ಕೂ ಹೆದರದವನು” ಅಂತ ಮನೆಯವರು ಅಂದರು. ನಾನೂ ಹಾಗೇ ನಂಬಿದ್ದೆ. ಮುಂದೆ ಓದುವಾಗ ಶುಲ್ಟ್ಸ್ ಅವರ ಕೋತಿಯ ಪ್ರಯೋಗ ಬಂತು. ಸೂಚನೆ, ರಸ, ಬಾರದ ರಸ. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಆ ಕತ್ತಿ ನಿಂತದ್ದು ಕಣ್ಣ ಮುಂದೆ ಬಂತು. ಮಾವ ದೈವಕ್ಕೆ ಸುಳ್ಳು ಹೇಳಿರಲಿಲ್ಲ. ದಿನಾ ಸಂಜೆ ಐದಕ್ಕೆ ಅವರ ಮಿದುಳಿನ ಬುಡದಲ್ಲಿ ಕೆಲವು ಲಕ್ಷ ಕೋಶಗಳು ಏಳುತ್ತಿದ್ದವು, ಕಾದು ಕುಸಿಯುತ್ತಿದ್ದವು. ಇಪ್ಪತ್ತಾರು ದಿನ ಅವರು ಅದನ್ನು ಒಬ್ಬರೇ ತಡೆದುಕೊಂಡರು. ಆ ಇಪ್ಪತ್ತಾರು ದಿನಗಳನ್ನು ನಮ್ಮ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಇಡಲಿಲ್ಲ. ಇಪ್ಪತ್ತೇಳನೆಯದನ್ನು ಮಾತ್ರ ಇಟ್ಟರು.

ಆಣೆ ಮಾಡುವುದು ಹಣೆಯ ಹಿಂದಿನ ಭಾಗ. ನಾಳೆಯನ್ನು ಯೋಚಿಸುವುದು, ಬೇಡ ಅನ್ನುವುದು, ಕಾಯುವುದು ಎಲ್ಲ ಅದರ ಕೆಲಸ. ಸೈರನ್‌ಗೆ ಏಳುವುದು ಬುಡದ ಭಾಗ. ಬಹಳ ವರ್ಷ ಕುಡಿದವರಲ್ಲಿ ಹಣೆಯ ಹಿಂದಿನ ಭಾಗ ಸೊರಗಿರುತ್ತದೆ. ನರಕೋಶಗಳ ನಡುವಿನ ಬಿಳಿ ತಂತುಗಳು ತೆಳುವಾಗಿರುತ್ತವೆ. ಅಂದರೆ ಲಗಾಮು ಸಡಿಲ, ಕುದುರೆ ಮಾತ್ರ ದಿನದಿಂದ ದಿನಕ್ಕೆ ಬಲಿಷ್ಠ. ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ. ಆ ಭಾಗ ಪೂರ್ತಿ ಬಲಿಯುವುದು ಹೆಚ್ಚುಕಡಿಮೆ 25ನೇ ವಯಸ್ಸಿಗೆ. ಹದಿನಾರು, ಹದಿನೇಳಕ್ಕೆ ಶುರು ಮಾಡಿದರೆ ಲಗಾಮು ಕಟ್ಟುವ ಮೊದಲೇ ಕುದುರೆಯನ್ನು ಓಡಿಸಿದ ಹಾಗೆ.

ಈಗ ನೀವು ಕೇಳಬಹುದು. ಅಷ್ಟು ಸುಖ ಇದೆಯಾ ಅದರಲ್ಲಿ? ಹಳೆಯ ಕುಡುಕರನ್ನು ಕೇಳಿ ನೋಡಿ. “ಸುಖ ಎಂಥದು ಡಾಕ್ಟ್ರೇ, ಕುಡಿಯದೆ ಆಗುವುದಿಲ್ಲ” ಅನ್ನುತ್ತಾರೆ. ಬೇಕು ಅನ್ನುವುದೂ ಹಿತ ಅನ್ನುವುದೂ ಮಿದುಳಿನಲ್ಲಿ ಒಂದೇ ಅಲ್ಲ ಅಂತ ಟೆರ‍್ರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಜ್ 1993ರಲ್ಲಿ ಬರೆದರು. ಡೋಪಮೈನ್ ಹೆಚ್ಚುಕಡಿಮೆ ಪೂರ್ತಿ ಇಲ್ಲದ ಇಲಿಯ ನಾಲಿಗೆಗೆ ಸಕ್ಕರೆ ನೀರು ಹಾಕಿದರೆ ಅದು ನಾಲಿಗೆ ಚಾಚಿ ಚಪ್ಪರಿಸುತ್ತದೆ. ಹಿತ ಗೊತ್ತಾಗುತ್ತದೆ. ಆದರೆ ಎದುರಿಗೆ ತಿಂಡಿ ಇಟ್ಟರೂ ತಾನಾಗಿ ಹೋಗಿ ತಿನ್ನುವುದಿಲ್ಲ, ಹಸಿದೇ ಇರುತ್ತದೆ. ಹಿತ ಇದೆ, ಬೇಕು ಇಲ್ಲ. ಕುಡಿತದ ಚಟ ಹತ್ತಿದವರಲ್ಲಿ ಇದರ ತಿರುಗಾಮುರುಗಾ. ಹಿತ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಬೇಕು ಅನ್ನುವುದು ಏರುತ್ತಲೇ ಹೋಗುತ್ತದೆ.

ಇದಕ್ಕೆ ಇನ್ನೊಂದು ಸೇರುತ್ತದೆ. ಪದೇ ಪದೇ ಡೋಪಮೈನ್ ಸುರಿದರೆ ಹಿಡಿಯುವ ಕೈಗಳು ಕಡಿಮೆಯಾಗುತ್ತವೆ. ಡಿ2 ಅನ್ನುವ ರಿಸೆಪ್ಟರ್ ಚಟ ಇರುವವರಲ್ಲಿ ಕಡಿಮೆ ಇರುವುದನ್ನು ಸ್ಕ್ಯಾನ್ ಮಾಡಿ ನೋಡಿದ್ದಾರೆ. ಆಗ ಮಾಮೂಲಿ ಸಂತೋಷಗಳು ಮಸುಕಾಗುತ್ತವೆ. ಮಗಳಿಗೆ ಒಳ್ಳೆಯ ಮಾರ್ಕ್ಸ್ ಬಂತು, ಬೋಟಿಗೆ ಒಳ್ಳೆಯ ಮೀನು ಬಿತ್ತು, ಮನೆಯಲ್ಲಿ ಹಬ್ಬ. ಎಲ್ಲರೂ ನಗುತ್ತಿದ್ದಾರೆ, ಅವರು ಗೋಡೆಗೆ ಒರಗಿ ಕೂತಿದ್ದಾರೆ. “ಅವರಿಗೆ ನಮ್ಮ ಮೇಲೆ ಪ್ರೀತಿಯೇ ಇಲ್ಲ” ಅಂತ ನಿಮಗೆ ಅನ್ನಿಸುತ್ತದೆ. ಅವರ ಮಿದುಳಿನ ಹೆದರಿಕೆಯ ಭಾಗ, ಅಮಿಗ್ಡಲದ ಸುತ್ತ, ಒತ್ತಡದ ರಾಸಾಯನಿಕಗಳು ಏರಿರುತ್ತವೆ. ಕುಡಿಯದಿದ್ದರೆ ಕಾರಣ ಇಲ್ಲದೆ ಸಿಡಿಮಿಡಿ, ಚಡಪಡಿಕೆ, ನಿದ್ದೆ ಇಲ್ಲ. ಮೊದಲು ಖುಷಿಗೆ ಕುಡಿದವರು ಈಗ ಈ ನರಳಾಟ ನಿಲ್ಲಲಿ ಅಂತ ಕುಡಿಯುತ್ತಾರೆ. ಇದರಿಂದ ಮನೆಯಲ್ಲಿ ಅವರು ಕೊಟ್ಟ ನೋವು ಕಡಿಮೆಯಾಗುವುದಿಲ್ಲ. ಹೊಡೆದರೆ ಅದು ಹೊಡೆತವೇ. ಅದನ್ನು ಸಹಿಸಿಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಈಗ ಹಗ್ಗದ ವಿಷಯಕ್ಕೆ ವಾಪಸ್ ಬರುತ್ತೇನೆ. ಜುಲೈ ತಿಂಗಳಲ್ಲೇ ಈ ಮಾತು ಇಡಿ ಅಂತ ನಾನು ಕೇಳಿಕೊಂಡದ್ದಕ್ಕೂ ಇದೇ ಕಾರಣ.

ಜೂನ್ 1ರಿಂದ ಜುಲೈ 31ರ ತನಕ, 61 ದಿನ ಬೋಟುಗಳು ದಡದಲ್ಲಿ. ಕೆಲಸ ಇಲ್ಲ, ಹೊರಗೆ ಮಳೆ. ಕುಡಿಯುವವರು ಜಾಸ್ತಿ ಕುಡಿಯುತ್ತಾರೆ. ಆಗಸ್ಟ್‌ನಲ್ಲಿ ಬೋಟು ಇಳಿಯುತ್ತದೆ. ಆಳಸಮುದ್ರಕ್ಕೆ ಹೋದರೆ ಹತ್ತು ದಿನ. ಬೋಟಿನಲ್ಲಿ ಕುಡಿಯಬಾರದು ಅಂತ ಒಳ್ಳೆಯ ತಾಂಡೇಲರು ಕಟ್ಟುನಿಟ್ಟು ಮಾಡುತ್ತಾರೆ. ಮಾಡಬೇಕಾದದ್ದೇ. ಆದರೆ ಎರಡು ತಿಂಗಳು ದಿನಾ ಕುಡಿದವರ ಮಿದುಳಿನಲ್ಲಿ ಆ ಬಲಶಾಲಿ ದಿಢೀರನೆ ಹಗ್ಗ ಬಿಟ್ಟಿದ್ದಾನೆ. ಎದುರು ಕಡೆ ಸೇರಿಸಿಟ್ಟ ಜನ ಎಲ್ಲ ಹಾಗೇ ಇದ್ದಾರೆ. ಒಂದೇ ಎಳೆತಕ್ಕೆ ಎಲ್ಲ ಆ ಕಡೆ ಬೀಳುತ್ತದೆ.

ಅದಕ್ಕೆ ಒಂದು ಗಡಿಯಾರ ಇದೆ. ಕೊನೆಯ ಸಲ ಕುಡಿದು ಆರೆಂಟು ಗಂಟೆ ಆದ ಮೇಲೆ ಕೈ ನಡುಕ, ಬೆವರು, ವಾಕರಿಕೆ, ಎದೆ ಬಡಿತ. ಮೊದಲ ಎರಡು ದಿನದ ಒಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ದಿಕ್ಕು ತಪ್ಪುತ್ತದೆ. ಇಲ್ಲದ್ದು ಕಾಣುತ್ತದೆ, ಜ್ವರ ಏರುತ್ತದೆ, ಊರು ಯಾವುದು ಹೊತ್ತು ಯಾವುದು ಗೊತ್ತಾಗುವುದಿಲ್ಲ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತೇವೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು.

ಒಬ್ಬರು ಕಲಾಸಿಯನ್ನು ನಾನು ಮರೆಯುವುದಿಲ್ಲ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ ಹೇಳುತ್ತೇನೆ. ಸೀಸನ್‌ನ ಮೊದಲ ಟ್ರಿಪ್. ಎರಡನೇ ರಾತ್ರಿ ಬೋಟಿನಲ್ಲಿ ಫಿಟ್ಸ್ ಬಂತು. ತಾಂಡೇಲರು ಬೋಟು ತಿರುಗಿಸಿದರು. ದಡಕ್ಕೆ ಬಂದಾಗ ಅವರು ಮಾತಾಡುತ್ತಿದ್ದರು. ಹಾಗಾಗಿ ಮನೆಗೆ ಕರೆದುಕೊಂಡು ಹೋದರು. ಮರುದಿನ ರಾತ್ರಿ ಕೋಣೆಯ ತುಂಬ ಮೀನು ಒದ್ದಾಡುತ್ತಿದೆ ಅಂದರು. ಹಾಸಿಗೆಯ ಚಾದರವನ್ನು ಬಲೆ ಎಳೆದ ಹಾಗೆ ಎಳೆಯುತ್ತಾ ಕೂತರು. ಕೈ ಕೈಗೆ, ಅದೇ ಲಯದಲ್ಲಿ. ಸಮುದ್ರದಲ್ಲಿ ಏನೋ ಸೋಕಿದೆ ಅಂತ ಮನೆಯವರು ಪ್ರಶ್ನೆ ಇಡಿಸಿದರು, ನೂಲು ಕಟ್ಟಿಸಿದರು. ಒಂದು ದಿನ ಹಾಗೇ ಹೋಯಿತು. ಮನೆಯವರ ನಂಬಿಕೆಯ ಬಗ್ಗೆ ನನ್ನ ತಕರಾರು ಇಲ್ಲ. ನೂಲು ಕಟ್ಟಿ, ಅದೇ ರಿಕ್ಷಾದಲ್ಲಿ ಆಸ್ಪತ್ರೆಗೂ ಬನ್ನಿ. ಇಷ್ಟೇ ನಾನು ಕೇಳುವುದು. ಅವರು ಉಳಿದರು. ವಾರ ಕಳೆದ ಮೇಲೆ ತನ್ನ ಕೈಯ ನೂಲು ನೋಡಿಕೊಂಡು ಇದು ಯಾವಾಗ ಕಟ್ಟಿದ್ದು ಅಂತ ನನ್ನನ್ನೇ ಕೇಳಿದರು.

ಆಸ್ಪತ್ರೆಯಲ್ಲಿ ಮಾಡುವುದು ದೊಡ್ಡ ಪವಾಡ ಅಲ್ಲ. ಗಾಬಾದ ಕಡೆ ಎಳೆಯುವ ಮಾತ್ರೆ ಕೊಡುತ್ತೇವೆ, ಲೊರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್‌ನಂಥವು. ಬಲಶಾಲಿಯ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ, ಐದಾರು ದಿನಗಳಲ್ಲಿ ಮೆಲ್ಲನೆ ಹಿಂದಕ್ಕೆ ಕರೆಸುವುದು. ಎದುರು ತಂಡವೂ ಅಷ್ಟರಲ್ಲಿ ಜನ ಕಡಿಮೆ ಮಾಡಿಕೊಳ್ಳುತ್ತದೆ. ಈ ಮಾತ್ರೆಗಳನ್ನು ನೀವೇ ತಂದು ಕೊಡಬೇಡಿ. ಅವಕ್ಕೂ ಚಟ ಹತ್ತುತ್ತದೆ. ಕುಡಿತದ ಮೇಲೆ ನುಂಗಿದರೆ ಉಸಿರೇ ನಿಲ್ಲಬಹುದು.

ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಕುಡಿಯುವವರು ಸರಿಯಾಗಿ ಊಟ ಮಾಡುವುದಿಲ್ಲ, ಮಾಡಿದ್ದೂ ಮೈಗೆ ಹತ್ತುವುದಿಲ್ಲ. ನಮ್ಮ ಕುಚಲಕ್ಕಿಯಲ್ಲಿ ಬಿ1 ಉಳಿದಿರುತ್ತದೆ. ಭತ್ತವನ್ನು ಬೇಯಿಸುವಾಗ ಹೊರಗಿನ ಪದರದ ಬಿ1 ಕಾಳಿನ ಒಳಗೆ ಇಳಿಯುತ್ತದೆ. ಗಂಜಿ ಊಟವನ್ನು ಬಡವರ ಊಟ ಅಂತ ಬಿಟ್ಟವರು ಇದನ್ನು ಕೇಳಿಸಿಕೊಳ್ಳಿ. ಬಿ1 ತೀರಾ ಕಡಿಮೆಯಾದರೆ ಕಣ್ಣಾಲಿ ಸರಿಯಾಗಿ ತಿರುಗುವುದಿಲ್ಲ, ನಡಿಗೆ ತಪ್ಪುತ್ತದೆ, ಬುದ್ಧಿ ಗೊಂದಲ. ಕಾರ್ಲ್ ವೆರ್ನಿಕೆ 1881ರಲ್ಲೇ ಇದನ್ನು ವಿವರಿಸಿದ್ದಾರೆ. ಚಿಕಿತ್ಸೆ ಕೊಡದೆ ಬಿಟ್ಟರೆ ಹೊಸ ನೆನಪು ನಿಲ್ಲುವುದೇ ಇಲ್ಲ. “ಸುಸ್ತಾಗಿದೆ, ಒಂದು ಗ್ಲೂಕೋಸ್ ಹಾಕಿಸಿ” ಅಂತ ಬಹಳ ಜನ ಕೇಳುತ್ತಾರೆ. ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಇದು ಉಲ್ಬಣಿಸಬಹುದು. ಹಾಗಾಗಿ ಎಲ್ಲಿಗೇ ಹೋಗಿ, ಇವರು ದಿನಾ ಕುಡಿಯುವವರು ಅಂತ ಮೊದಲು ಹೇಳಿ. ಮುಚ್ಚಿಡಬೇಡಿ.

ನಡುಕ ನಿಂತ ಮೇಲೆ ಸೈರನ್ ಉಳಿಯುತ್ತದೆ. ಅದಕ್ಕೂ ಮದ್ದಿದೆ. ನಾಲ್ಟ್ರೆಕ್ಸೋನ್ ಅನ್ನುವ ಮಾತ್ರೆ ಎಂಡಾರ್ಫಿನ್ ಕೂರುವ ಜಾಗವನ್ನು ಮುಚ್ಚುತ್ತದೆ. ಕಾವಲಿನವರು ತೂಕಡಿಸುವುದಿಲ್ಲ. ಅಮೆರಿಕದಲ್ಲಿ 1994ರಲ್ಲೇ ಕುಡಿತದ ಚಟಕ್ಕೆ ಒಪ್ಪಿಗೆ ಪಡೆದ ಮದ್ದು ಅದು. ಕುಡಿದರೂ ಆ ಏರು ಬರುವುದಿಲ್ಲ, ಆಸೆ ನಿಧಾನ ಮಣಿಯುತ್ತದೆ. ಎಲ್ಲರಿಗೂ ಆಗುವುದಿಲ್ಲ, ಲಿವರ್ ನೋಡಿ ಕೊಡಬೇಕು. ಅಕಾಂಪ್ರೊಸೇಟ್ ಇನ್ನೊಂದು. ಎಬ್ಬಿಸುವ ತಂಡದ ಗಲಾಟೆಯನ್ನು ಅದು ಇಳಿಸುತ್ತದೆ.

ಮೂರನೆಯದು ಡೈಸಲ್ಫಿರಾಮ್. ಇದರ ಬಗ್ಗೆ ಅಕ್ಕಂದಿರ ಹತ್ತಿರ ಕೈಮುಗಿದು ಒಂದು ಮಾತು. ಇದು ಬಾಯಿಗೆ ರುಚಿ ಗೊತ್ತಾಗದ ಪುಡಿ, ಸಾರಿಗೆ ಹಾಕಿದರೆ ಕುಡಿತ ಬಿಡುತ್ತಾರೆ ಅಂತ ಯಾರೋ ಕೊಟ್ಟಿರುತ್ತಾರೆ. ಇದು ಆಲ್ಕೋಹಾಲ್ ಪೂರ್ತಿ ಕರಗದಂತೆ ನಡುವೆ ತಡೆಯುತ್ತದೆ. ಅಸಿಟಾಲ್ಡಿಹೈಡ್ ಅನ್ನುವ ವಿಷ ಮೈಯಲ್ಲಿ ತುಂಬುತ್ತದೆ. ಮುಖ ಕೆಂಪು, ವಾಂತಿ, ಎದೆ ಬಡಿತ, ಬಿಪಿ ಕುಸಿತ. ತಿಳಿದು ನುಂಗಿದವರು ಕುಡಿಯದೆ ದೂರ ನಿಲ್ಲುತ್ತಾರೆ, ಅದೇ ಅದರ ಗುಣ. ತಿಳಿಯದೆ ತಿಂದವರು ಮಾಮೂಲಿನ ಹಾಗೆ ಕುಡಿಯುತ್ತಾರೆ. ಸಾವೂ ಆಗಬಹುದು. ನೀವು ಪ್ರೀತಿಯಿಂದ ಮಾಡುತ್ತೀರಿ, ನನಗೆ ಗೊತ್ತು. ದಯವಿಟ್ಟು ಮಾಡಬೇಡಿ.

“ಸತ್ತ ನರಕೋಶ ವಾಪಸ್ ಬರುತ್ತದಾ?” ಅಂತ ಒಬ್ಬರು ಚೀಟಿ ಬರೆದು ಕೊಟ್ಟಿದ್ದಾರೆ. ಕುಡಿತ ಮಾಡುವ ಹಾನಿಯಲ್ಲಿ ಬಹಳಷ್ಟು ಕೋಶ ಸಾಯುವುದಲ್ಲ, ಕೋಶದ ಕೊಂಬೆಗಳು ಮುದುಡುವುದು, ತಂತುಗಳು ತೆಳುವಾಗುವುದು. ಕುಡಿತ ಬಿಟ್ಟು ಕೆಲವು ವಾರ, ತಿಂಗಳು ಕಳೆದ ಮೇಲೆ ಸ್ಕ್ಯಾನ್ ಮಾಡಿದರೆ ಸೊರಗಿದ ಮಿದುಳು ಸ್ವಲ್ಪ ತುಂಬಿಕೊಂಡಿರುತ್ತದೆ. ಪೂರ್ತಿ ಅಲ್ಲ, ಎಲ್ಲರಲ್ಲೂ ಒಂದೇ ತರಹವೂ ಅಲ್ಲ. ಮಾಮೂಲಿ ಸಂತೋಷಗಳು ವಾಪಸ್ ಬರಲು ತಿಂಗಳುಗಳು ಬೇಕು. ಮೊದಲ ಕೆಲವು ತಿಂಗಳು ಅವರು ಬಾಡಿದ ಮುಖದಲ್ಲೇ ಇದ್ದರೆ “ಬಿಟ್ಟ ಮೇಲೂ ಇಷ್ಟೇನಾ” ಅನ್ನಬೇಡಿ. ದಾರಿ ಬದಲಿಸಲು ಸಹಾಯ ಮಾಡಿ. ದಕ್ಕೆಯಿಂದ ಮನೆಗೆ ಬರುವಾಗ ವೈನ್ ಶಾಪ್ ಎದುರಿನ ರಸ್ತೆ ಬಿಟ್ಟು ಇನ್ನೊಂದು ರಸ್ತೆ. ಸಂಜೆ ಐದಕ್ಕೆ ಒಬ್ಬರೇ ಕೂರದ ಹಾಗೆ ಏನಾದರೂ ಕೆಲಸ. ಮತ್ತೆ ಒಂದು ದಿನ ಕುಡಿದರೆ, ಕುಡಿಯದ ದಿನಗಳನ್ನೂ ಎಣಿಸಿ. ರಾತ್ರಿ ಯಾರ ಹತ್ತಿರವೂ ಮಾತಾಡಲು ಇಲ್ಲ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಮಾತು ಮುಗಿಸಿ ಕೆಳಗೆ ಇಳಿಯುವಾಗ ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಎದ್ದು ಕೇಳಿದರು: “ನಮ್ಮ ಮಗ ಆಗಸ್ಟ್‌ಗೆ ಬೋಟಿಗೆ ಹೋಗಬೇಕು. ಇನ್ನು ಎರಡು ವಾರ ಇದೆ. ಅಷ್ಟರಲ್ಲಿ ಆಗುತ್ತದಾ?”

ನಡುಕದ ದಿನಗಳು ಒಂದು ವಾರದಲ್ಲಿ ಕಳೆಯುತ್ತವೆ ಅಮ್ಮ. ನಾಳೆ ಬೆಳಿಗ್ಗೆಯೇ ಕರೆದುಕೊಂಡು ಬನ್ನಿ. ಬರುವಾಗ ಇವತ್ತೇ ನಿಲ್ಲಿಸು ಅಂತ ಗದರಬೇಡಿ, ಎಷ್ಟು ಕುಡಿಯುತ್ತಾನೆ ಅಂತ ಮಾತ್ರ ಬರೆದು ತನ್ನಿ. ತಾಂಡೇಲರ ಹತ್ತಿರ ನಾನೂ ಮಾತಾಡುತ್ತೇನೆ, ಮೊದಲ ಟ್ರಿಪ್‌ಗೆ ಆಗದಿದ್ದರೆ ಎರಡನೆಯದಕ್ಕೆ ಹೋಗಲಿ.